ಅತ್ತೆ ಆಸ್ಪತ್ರೆಯಲ್ಲಿದ್ದಾಗ ಆ ಲಂಗ ಹೇಗೆ ಹೊಲಿದ್ರಿ?

ತಮ್ಮನ ಮದುವೆಯ ಫೋಟೊ ನೋಡಿದವರೆಲ್ಲ ಇದನ್ನೇ ಕೇಳುತ್ತಾರೆ. ಫೋಟೊದಲ್ಲಿ ಮಗಳು ಗರಗರ ತಿರುಗುತ್ತಿದ್ದಾಳೆ. ಹಸಿರು ಮೈಸೂರು ರೇಷ್ಮೆ ಲಂಗ ಕೊಡೆಯ ಹಾಗೆ ಬಿಚ್ಚಿಕೊಂಡಿದೆ. "ಅಷ್ಟು ಗೋಳಿನಲ್ಲಿ ಅದು ಹೇಗೆ ಮುಗಿಸಿದ್ರಿ? ನಾನಾಗಿದ್ರೆ ಸುಮ್ನೆ ಮಡಚಿ ಬೀರುವಿಗೆ ಹಾಕ್ತಿದ್ದೆ" ಅನ್ನುತ್ತಾರೆ.

ನಾನೂ ಹಾಕುತ್ತಿದ್ದೆ. ಆದರೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಹಿಂದಿನ ದಿನವೇ ಸೀರೆಗೆ ಕತ್ತರಿ ಹಾಕಿಯಾಗಿತ್ತು. ಅದೂ ಅವರದೇ ಸೀರೆ. ಕತ್ತರಿ ಬಿದ್ದ ರೇಷ್ಮೆ ಇತ್ತ ಸೀರೆಯೂ ಅಲ್ಲ, ಅತ್ತ ಲಂಗವೂ ಅಲ್ಲ.

ಅಂಬ್ರೆಲಾ ಕಟ್, ಅಂದರೆ ಎರಡು ಅರ್ಧ ವೃತ್ತ ಕತ್ತರಿಸಿ ಸೇರಿಸುವ ಪೂರ್ತಿ ದುಂಡನೆಯ ಲಂಗ ಮಾಡಲು ಹೊರಟಿದ್ದೇ ನನ್ನ ತಪ್ಪು. ನಮ್ಮ ಅಜ್ಜಿಯರ ನೆರಿಗೆ ಲಂಗ ಎಷ್ಟು ಜಾಣತನದ್ದು ಅಂತ ಆಗ ಗೊತ್ತಾಯಿತು. ಬಟ್ಟೆ ನೇರ, ಬಾರ್ಡರ್ ನೇರ, ಮೇಲೆ ನೆರಿಗೆ ಹಿಡಿದರೆ ಮುಗಿಯಿತು. ಅಂಬ್ರೆಲಾದಲ್ಲಿ ಕೆಳಗಿನ ಅಂಚು ದುಂಡಗೆ ಬರುತ್ತದೆ, ಬಾರ್ಡರ್ ಮಾತ್ರ ನೇರ. ಬಾರ್ಡರ್ ಬಿಚ್ಚಿ ಬೇರೆ ಇಟ್ಟು, ದುಂಡಗೆ ಬಗ್ಗಿಸಿ ಮತ್ತೆ ಕೂರಿಸಬೇಕು.

ಲೆಕ್ಕ ಹೇಳುತ್ತೇನೆ. ಮಗಳ ಸೊಂಟ 24 ಇಂಚು, ಅದನ್ನು 6.28ರಿಂದ (ಎರಡು ಪೈ) ಭಾಗಿಸಿದರೆ ಸೊಂಟದ ದುಂಡಿನ ತ್ರಿಜ್ಯ ಸುಮಾರು 4. ಲಂಗದ ಉದ್ದ 28. ಅಲ್ಲಿಗೆ ವೃತ್ತದ ಕೇಂದ್ರದಿಂದ ಅಂಚಿನವರೆಗೆ 32 ಇಂಚು, ಕೆಳಗಿನ ಸುತ್ತಳತೆ ಹತ್ತಿರ ಹತ್ತಿರ 200. ಬಾರ್ಡರ್ ಅಗಲ 2 ಇಂಚು. ಅದರ ಕೆಳಗಿನ ಅಂಚಿಗೆ 200 ಇಂಚು ಬೇಕು, ಮೇಲಿನ ಅಂಚಿಗೆ 187.5 ಸಾಕು. ಈ ಹನ್ನೆರಡೂವರೆ ಇಂಚನ್ನು ಎಲ್ಲಿ ಬಚ್ಚಿಡುವುದು? ನಾಲ್ಕು ಇಂಚಿಗೊಂದರಂತೆ ಕಾಲು ಇಂಚಿನ ಟಕ್ (ಮಡಚಿ ಹೊಲಿಯುವ ಪುಟ್ಟ ಮಡಿಕೆ) ಹಿಡಿಯಬೇಕು. ಒಟ್ಟು 50 ಟಕ್.

ಅತ್ತೆಗೆ ಆಪರೇಷನ್ ಆದ ರಾತ್ರಿ ಮನೆಗೆ ಬಂದೆ. ನಿದ್ದೆ ಬರಲಿಲ್ಲ. ಎರಡು ಅರ್ಧ ವೃತ್ತಗಳನ್ನಾದರೂ ಸೇರಿಸೋಣ ಅಂತ ಹನ್ನೊಂದು ಗಂಟೆಗೆ ಮಷಿನ್ ಮುಂದೆ ಕೂತೆ. ಒಂದರ ಒಳಮೈಗೆ ಇನ್ನೊಂದರ ಹೊರಮೈ ಸೇರಿಸಿ ಹೊಲಿದುಬಿಟ್ಟೆ. ಸೂಜಿಯೋ, ದಪ್ಪ ಬಟ್ಟೆಗೆ ಹಾಕಿದ್ದ 16 ನಂಬರ್. ರೇಷ್ಮೆಗೆ 11 ಹಾಕಬೇಕು ಅಂತ ಊರಿಗೆಲ್ಲ ಹೇಳಿಕೊಡುವವಳು ನಾನೇ! ಬಿಚ್ಚಿದರೆ ಸಾಲಾಗಿ ತೂತು. ಹತ್ತಿಯಾದರೆ ಒಗೆದಾಗ ಮುಚ್ಚಿಕೊಳ್ಳುತ್ತಿತ್ತು, ರೇಷ್ಮೆಯಲ್ಲಿ ಅದು ಹಾಗೇ ಉಳಿಯುತ್ತದೆ. ಅತ್ತೆ ಬಿದ್ದಾಗ ಅಳದವಳು ಆ ತೂತು ನೋಡಿ ಅತ್ತುಬಿಟ್ಟೆ. ಮಾರನೆಯ ಬೆಳಗ್ಗೆ ಹೊಲಿಗೆಯನ್ನು ಕಾಲು ಇಂಚು ಒಳಕ್ಕೆ ತಂದು ಆ ಸಾಲು ಮುಚ್ಚಿದೆ. ಆಸ್ಪತ್ರೆಯಿಂದ ಬಂದ ರಾತ್ರಿ ಮಷಿನ್ ಮುಟ್ಟುವುದನ್ನು ಅಲ್ಲಿಗೆ ಬಿಟ್ಟೆ.

ಲಂಗವನ್ನು ಅತ್ತೆಯ ಕೋಣೆಯ ಮೊಳೆಗೆ ನೇತುಹಾಕಿದೆ. ದುಂಡಗೆ ಕತ್ತರಿಸಿದ ಬಟ್ಟೆ ಓರೆ ಎಳೆ ಬರುವ ನಾಲ್ಕು ಕಡೆ ಜೋತುಬೀಳುತ್ತದೆ. ಒಂದು ದಿನವಾದರೂ ತೂಗಿಬಿಟ್ಟು, ಆಮೇಲೆ ಅಂಚು ಸಮ ಮಾಡಬೇಕು. ಸಾಮಾನ್ಯವಾಗಿ ನನಗೆ ಅಷ್ಟೂ ತಾಳ್ಮೆ ಇರುವುದಿಲ್ಲ. ಈ ಸಲ ಅದು ಹನ್ನೊಂದು ದಿನ ನೇತಾಡಿತು! ಒಂದು ಕಡೆಯಂತೂ ಒಂದು ಇಂಚಿಗಿಂತ ಜಾಸ್ತಿ ಇಳಿದಿತ್ತು.

ಆ ಹನ್ನೊಂದು ದಿನ ನನ್ನ ಜೊತೆ ಆಸ್ಪತ್ರೆಗೆ ಬಂದದ್ದು ಬಾರ್ಡರ್ ಮಾತ್ರ. ಬ್ಯಾಂಡೇಜಿನ ಹಾಗೆ ಸುರುಳಿ ಸುತ್ತಿ, ಸೂಜಿ ದಾರದ ಜೊತೆ ಟಿಫನ್ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಅದು ಹಾಸನಾಂಬೆ ಜಾತ್ರೆಯ ಸಮಯ. ವರ್ಷಕ್ಕೊಮ್ಮೆ, ದೀಪಾವಳಿಯ ಹೊತ್ತಿಗೆ ಕೆಲವೇ ದಿನ ದೇವಸ್ಥಾನದ ಬಾಗಿಲು ತೆರೆಯುವುದು. ಹಾಸನದವರಿಗೆ ಹೇಳಬೇಕಾಗಿಲ್ಲ, ಆಗ ಆಟೋ ಸಿಗುವುದೇ ಕಷ್ಟ. ಮಧ್ಯಾಹ್ನ ಮನೆಗೆ ಹೋಗಿ ಬರುವ ಆಸೆಯನ್ನೇ ಬಿಟ್ಟೆ. ಡಾಕ್ಟರ್ ಬರುವವರೆಗೆ, ಡ್ರಿಪ್ ಮುಗಿಯುವವರೆಗೆ, ಅತ್ತೆ ನಿದ್ದೆಯಿಂದ ಏಳುವವರೆಗೆ ಒಂದೊಂದು ಟಕ್. ಒಂದಕ್ಕೆ ಎರಡು ನಿಮಿಷ ಸಾಕು. ಕೆಲವು ದಿನ ಎಂಟಾಯಿತು. ಜ್ವರ ಬಂದ ದಿನ ಒಂದೂ ಇಲ್ಲ.

ಛಲ ಅನ್ನುತ್ತೀರಲ್ಲ, ಅದು ಇರಲಿಲ್ಲ. ಸುಮ್ಮನೆ ಕೂತರೆ ಪಕ್ಕದ ಮಂಚದವರ ಸಂಬಂಧಿಕರು ಯಾರ ಸೊಂಟ ಮುರಿದು ಯಾರು ಮತ್ತೆ ಏಳಲೇ ಇಲ್ಲ ಅನ್ನುವ ಕತೆ ಶುರುಮಾಡುತ್ತಿದ್ದರು. ಕೈಯಲ್ಲಿ ಸೂಜಿ ಇದ್ದರೆ ತಲೆ ಎತ್ತಬೇಕಾಗಿಲ್ಲ, ಅಲ್ವಾ?

ಅತ್ತೆಯೂ ನೋವಿನ ಮಾತು ಆಡುವುದನ್ನು ಕಡಿಮೆ ಮಾಡಿದರು. ಕಣ್ಣು ಬಿಟ್ಟರೆ, "ಎಷ್ಟಾಯ್ತೇ?" ಅನ್ನುತ್ತಿದ್ದರು. "ಹದಿನೇಳು, ಅತ್ತೆ." "ಇವತ್ತು ಇಪ್ಪತ್ತು ಮಾಡು." ನರ್ಸ್ ಕೂಡ ಬಂದು ಲೆಕ್ಕ ಕೇಳಿಕೊಂಡು ಹೋಗುವಷ್ಟಾಯಿತು.

ಡಿಸ್ಚಾರ್ಜ್ ಆದ ಮೇಲಿನ ಕೆಲಸ ಬೇಗ ಆಯಿತು. ಅಂಚು ಸಮ ಮಾಡಿ, ಬಾರ್ಡರಿಗೆ ಕಚ್ಚಾ ಹೊಲಿಗೆ ಹಾಕಿ, ಎರಡು ಬೆಳಗಿನಲ್ಲಿ ಮಷಿನ್ ಓಡಿಸಿದೆ.

ಬೇಲೂರಿನಲ್ಲಿ ಮದುವೆ. ವಾಕರ್ ಹಿಡಿದು ನಡೆಯುತ್ತಿದ್ದ ಅತ್ತೆಗೆ ಬರಲಾಗಲಿಲ್ಲ. ಹೊರಡುವ ಮುಂಚೆ ಮೊಮ್ಮಗಳನ್ನು ಮಂಚದ ಪಕ್ಕ ನಿಲ್ಲಿಸಿಕೊಂಡು, ಅವಳನ್ನು ನಿಧಾನಕ್ಕೆ ತಿರುಗಿಸುತ್ತಾ, ಬಾರ್ಡರ್ ಮೇಲೆ ಬೆರಳಿಟ್ಟು ಏನೋ ಗೊಣಗುತ್ತಿದ್ದರು. ಆಶೀರ್ವಾದ ಮಾಡುತ್ತಿದ್ದಾರೆ ಅಂದುಕೊಂಡೆ.

"ಐವತ್ತು ಅಂದ್ಯಲ್ಲೇ," ಅಂದರು. "ನಲವತ್ತೊಂಬತ್ತೇ ಇರೋದು."

ಬಸ್ಸಿನಲ್ಲಿ ಎಣಿಸಿ ನೋಡಿದೆ. ನಲವತ್ತೊಂಬತ್ತೇ.