ಈಡೇಲ್, ಕ್ಯಾಸಲ್‌ಟನ್: ಪಬ್ಬಿನ ಅಡುಗೆಮನೆ ಮುಚ್ಚುವ ಮುನ್ನ ತಲುಪಿರಿ

ಮೈಸೂರಿನಿಂದ ನಮ್ಮಲ್ಲಿಗೆ ಬಂದಿದ್ದ ಅಪ್ಪ ಅಮ್ಮನನ್ನು ಕಳೆದ ಅಕ್ಟೋಬರ್ ಮೊದಲ ವಾರದಲ್ಲಿ ಎರಡು ರಾತ್ರಿಯ ಮಟ್ಟಿಗೆ ಡರ್ಬಿಶೈರ್‌ನ ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನ ಈಡೇಲ್, ಕ್ಯಾಸಲ್‌ಟನ್ ಹಳ್ಳಿಗಳಿಗೆ ಕರೆದುಕೊಂಡು ಹೋಗಿದ್ದೆವು. ನಾವಿರುವ ಮ್ಯಾಂಚೆಸ್ಟರ್‌ನಿಂದ ಈ ಜಾಗ ದೂರವೇನಲ್ಲ. ಅಲ್ಲಿನ ಗುಡ್ಡ, ಗುಹೆ, ಕೋಟೆಗಳ ವಿವರ ಎಲ್ಲೆಡೆ ಸಿಗುತ್ತದೆ. ಆದರೆ ಮಧ್ಯಾಹ್ನ ಎರಡೂವರೆಗೆ ಹಸಿದ ಇಬ್ಬರು ಹಿರಿಯರೊಂದಿಗೆ ಒಂದು ಇಂಗ್ಲಿಷ್ ಹಳ್ಳಿಯ ನಡುವೆ ನಿಂತಾಗ ಯಾವ ಬಾಗಿಲು ತಟ್ಟಬೇಕು ಎಂಬುದನ್ನು ನಮಗೆ ಯಾರೂ ಹೇಳಿರಲಿಲ್ಲ. ಅಪ್ಪ ಅಮ್ಮನನ್ನೋ ಅತ್ತೆ ಮಾವನನ್ನೋ ಕರೆದುಕೊಂಡು ಇದೇ ದಾರಿಯಲ್ಲಿ ಹೊರಡುವ ಕನ್ನಡಿಗರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ದಾರಿಯ ವಿಚಾರ. ಮ್ಯಾಂಚೆಸ್ಟರ್ ಪಿಕಡಿಲಿ ನಿಲ್ದಾಣದಿಂದ ಶೆಫೀಲ್ಡ್ ಕಡೆಗೆ ಹೋಗುವ ಹೋಪ್ ವ್ಯಾಲಿ ಮಾರ್ಗದಲ್ಲಿ ಈಡೇಲ್ ಒಂದು ಪುಟ್ಟ ನಿಲ್ದಾಣ. ಎಲ್ಲ ಊರುಗಳಲ್ಲೂ ನಿಲ್ಲುತ್ತ ಸಾಗುವ ರೈಲು ಮುಕ್ಕಾಲು ಗಂಟೆಯಲ್ಲಿ ಅಲ್ಲಿಗೆ ತಲುಪಿಸುತ್ತದೆ. ಅದೇ ಹಳಿಯ ಮೇಲೆ ಓಡುವ ವೇಗದ ರೈಲುಗಳು ಸಾಮಾನ್ಯವಾಗಿ ಈಡೇಲ್‌ನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಹತ್ತುವ ಮುನ್ನ ಫಲಕದಲ್ಲಿ ಊರಿನ ಹೆಸರನ್ನು ಓದಿಕೊಳ್ಳಬೇಕು. ಅರವತ್ತು ದಾಟಿದವರಿಗೆ ಸಿಗುವ ಸೀನಿಯರ್ ರೈಲ್‌ಕಾರ್ಡನ್ನು ಪ್ರವಾಸಕ್ಕೆ ಬಂದ ಹಿರಿಯರೂ ಪಾಸ್‌ಪೋರ್ಟ್ ತೋರಿಸಿ ಕೊಳ್ಳಬಹುದು. ಟಿಕೆಟ್ಟಿನಲ್ಲಿ ಮೂರನೆಯ ಒಂದು ಭಾಗ ಕಡಿಮೆಯಾಗುವುದರಿಂದ ಇಂಗ್ಲೆಂಡಿನಲ್ಲಿ ತಿಂಗಳುಗಟ್ಟಲೆ ಇರುವ ತಂದೆತಾಯಿಗಳಿಗೆ ಇದು ಲಾಭದ ಬಾಬ್ತು. ಹೋಗುವ ರೈಲಿಗಿಂತ ಹಿಂದಿರುಗುವ ರೈಲಿನ ಸಮಯವನ್ನು ಹೆಚ್ಚು ಎಚ್ಚರದಿಂದ ನೋಡಿಕೊಳ್ಳಿ. ಸಂಜೆಯಾದಂತೆ ರೈಲುಗಳ ನಡುವಿನ ಅಂತರ ಹೆಚ್ಚುತ್ತದೆ, ಭಾನುವಾರದ ವೇಳಾಪಟ್ಟಿಯೂ ಬೇರೆಯೇ.

ಈಡೇಲ್ ಎಂದರೆ ಒಂದೇ ಊರಲ್ಲ. ಅಪ್ಪರ್ ಬೂತ್, ಬಾರ್ಬರ್ ಬೂತ್, ಗ್ರಿಂಡ್ಸ್‌ಬ್ರೂಕ್ ಬೂತ್, ಆಲರ್‌ಬ್ರೂಕ್ ಬೂತ್, ನೆದರ್ ಬೂತ್ ಎಂಬ ಐದು ಕೇರಿಗಳು ಕಣಿವೆಯುದ್ದಕ್ಕೂ ಹರಡಿಕೊಂಡಿವೆ. ಹಿಂದಿನ ಕಾಲದಲ್ಲಿ ದನ ಕಾಯುವವರು ಕಟ್ಟಿಕೊಳ್ಳುತ್ತಿದ್ದ ತಂಗುಗುಡಿಸಲಿಗೆ ಬೂತ್ ಎನ್ನುತ್ತಿದ್ದರಂತೆ; ನಮ್ಮ ಮಲೆನಾಡಿನಲ್ಲಿ ಮನೆಗೊಂದು ಗುಡ್ಡ, ಕೇರಿಗೊಂದು ಹಳ್ಳ ಇದ್ದ ಹಾಗೆ ಎಂದು ಅಪ್ಪ ಕೂಡಲೇ ಹೋಲಿಸಿದರು. ನಿಲ್ದಾಣದಿಂದ ಇಳಿದು ಬಂದರೆ ಕಾರು ನಿಲ್ಲಿಸುವ ಜಾಗದ ಬಳಿ ಸಾರ್ವಜನಿಕ ಶೌಚಾಲಯವಿದೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ಮುಂದಿನ ಶೌಚಾಲಯ ಯಾವುದಾದರೂ ಪಬ್ಬಿನಲ್ಲೋ ಕೆಫೆಯಲ್ಲೋ ಇರುತ್ತದೆ, ಮತ್ತು ಅಲ್ಲಿ ಏನನ್ನೂ ಕೊಳ್ಳದೆ ನೇರವಾಗಿ ಒಳನುಗ್ಗುವುದು ಮರ್ಯಾದೆಯಲ್ಲ. ನಿಲ್ದಾಣದ ಪಕ್ಕದಲ್ಲೇ ಪೆನ್ನಿ ಪಾಟ್ ಎಂಬ ಕೆಫೆಯಿದೆ. ಉತ್ತರಕ್ಕೆ ಎರಡು ಮೂರು ನಿಮಿಷ ನಡೆದರೆ ರ‍್ಯಾಂಬ್ಲರ್ ಇನ್ ಎಂಬ ಪಬ್ಬು, ಇನ್ನೂ ಎಂಟು ಹತ್ತು ನಿಮಿಷ ನಡೆದು ಚರ್ಚು ಮತ್ತು ಶಾಲೆಯನ್ನು ದಾಟಿದರೆ ಓಲ್ಡ್ ನ್ಯಾಗ್ಸ್ ಹೆಡ್ ಎಂಬ ಇನ್ನೊಂದು. ಎರಡನೆಯದು 1577ರ ಕಾಲದ್ದೆಂದು ಪ್ರಸಿದ್ಧ. ಸ್ಕಾಟ್ಲೆಂಡಿನ ಗಡಿಯಾಚೆಯ ಕರ್ಕ್ ಯೆಟ್‌ಹೋಮ್‌ವರೆಗೆ 431 ಕಿಲೋಮೀಟರ್ ಸಾಗುವ ಪೆನೈನ್ ವೇ ಕಾಲುದಾರಿ 1965ರಲ್ಲಿ ಉದ್ಘಾಟನೆಯಾದಾಗಿನಿಂದ ಈ ಪಬ್ಬಿನ ಎದುರಿನಿಂದಲೇ ಶುರುವಾಗುತ್ತದೆ. ಆ ಕಡೆಯ ತುದಿಯಲ್ಲೂ ಒಂದು ಪಬ್ಬೇ ಇದೆಯೆಂಬುದು ನಡಿಗೆಯವರ ಮನಸ್ಸನ್ನು ಚೆನ್ನಾಗಿ ಬಲ್ಲವರು ಮಾಡಿದ ಏರ್ಪಾಡಿನಂತೆ ಕಾಣುತ್ತದೆ.

ಇಲ್ಲಿ ನಮಗೆ ಮೊದಲ ಅಡ್ಡಿ ಎದುರಾಯಿತು. "ನಾನು ಬಾರಿನೊಳಗೆ ಕಾಲಿಡುವುದಿಲ್ಲ ಕಣೇ, ನೀವು ಹೋಗಿ ಬನ್ನಿ, ನಾನು ಈ ಬೆಂಚಿನ ಮೇಲೆ ಕೂತಿರುತ್ತೇನೆ" ಎಂದು ಅಮ್ಮ ಹೊರಗೇ ನಿಂತುಬಿಟ್ಟರು. ಅವರ ಮನಸ್ಸಿನಲ್ಲಿದ್ದದ್ದು ನಮ್ಮೂರಿನ ಹೆದ್ದಾರಿ ಬದಿಯ ಮಂದ ಬೆಳಕಿನ ಬಾರ್ ಅಂಡ್ ರೆಸ್ಟೋರೆಂಟ್. ನನ್ನ ಗಂಡನ ಮನಸ್ಸಿನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯ ಅಬ್ಬರದ ಸಂಗೀತ. ಇಂಗ್ಲಿಷ್ ಹಳ್ಳಿಯ ಪಬ್ಬು ಇವೆರಡೂ ಅಲ್ಲ. ಒಳಗೆ ಒಲೆಯಲ್ಲಿ ಸೌದೆ ಉರಿಯುತ್ತಿತ್ತು, ಒಂದು ಮೇಜಿನಲ್ಲಿ ಅಜ್ಜಿಯೊಬ್ಬರು ಮೊಮ್ಮಕ್ಕಳೊಂದಿಗೆ ಸೂಪು ಕುಡಿಯುತ್ತಿದ್ದರು, ಇನ್ನೊಂದರ ಕೆಳಗೆ ಕೆಸರು ಮೆತ್ತಿದ ನಾಯಿಯೊಂದು ಮಲಗಿತ್ತು. ಚಳಿಯೇ ಅಮ್ಮನ ಹಟವನ್ನು ಮುರಿಯಿತೆಂದು ಒಪ್ಪಿಕೊಳ್ಳಬೇಕು. ಆದರೆ ಒಳಗೆ ಹೋಗಿ ಒಂದು ಟೀಪಾಟ್ ಚಹಾ ಬಂದ ಮೇಲೆ ಅವರು ಏಳಲು ಒಪ್ಪಲಿಲ್ಲ. ಬಹುತೇಕ ಪಬ್ಬುಗಳಲ್ಲಿ ಚಹಾ, ಕಾಫಿ, ನಿಂಬೆ ಸೋಡಾ, ಶುಂಠಿಯ ಪಾನೀಯಗಳು ಸಿಗುತ್ತವೆ. ಮದ್ಯ ಮಾರುವ ಪರವಾನಗಿಯಿರುವ ಜಾಗಗಳಲ್ಲಿ ಗಿರಾಕಿಗಳು ಕೇಳಿದರೆ ನಲ್ಲಿಯ ನೀರನ್ನು ಉಚಿತವಾಗಿ ಕೊಡಬೇಕೆಂಬುದು ಇಲ್ಲಿನ ಕಾನೂನು. 2007ರ ಜುಲೈನಿಂದ ಒಳಗೆ ಧೂಮಪಾನವೂ ನಿಷಿದ್ಧ. ನಾಯಿಗಳಿಗೆ ಹೆದರುವವರು ಮಾತ್ರ ಬಂದ ಕೂಡಲೇ ನಾಯಿ ಬಿಡದ ಊಟದ ಕೋಣೆ ಇದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಕುಳಿತ ಕಡೆಗೆ ಯಾರೂ ಬಂದು ಏನು ಬೇಕೆಂದು ವಿಚಾರಿಸುವುದಿಲ್ಲ. ಅಪ್ಪ ಹದಿನೈದು ನಿಮಿಷ ಮಾಣಿಗಾಗಿ ಕಾದು, "ನಮ್ಮನ್ನು ಕಂಡೂ ಕಾಣದ ಹಾಗಿದ್ದಾರಲ್ಲ" ಎಂದು ಬೇಸರಪಟ್ಟುಕೊಂಡರು. ಪದ್ಧತಿ ಬೇರೆ, ಅವಮಾನವೇನೂ ಇಲ್ಲ ಎಂದು ವಿವರಿಸಬೇಕಾಯಿತು. ಮೇಜನ್ನು ಆರಿಸಿಕೊಂಡು, ಅದರ ಸಂಖ್ಯೆಯನ್ನು ನೆನಪಿಟ್ಟುಕೊಂಡು, ಬಾರ್ ಕೌಂಟರಿನ ಕಟ್ಟೆಯ ಬಳಿ ಹೋಗಿ ಹೇಳಿ, ಹೆಚ್ಚಿನ ಕಡೆ ಅಲ್ಲೇ ಹಣ ಕೊಟ್ಟು ಬರಬೇಕು. ಊಟವನ್ನು ಮಾತ್ರ ತಂದುಕೊಡುತ್ತಾರೆ. ಕಟ್ಟೆಯಲ್ಲಿ ಸಾಲು ಕಾಣಿಸದಿದ್ದರೂ ಯಾರ ನಂತರ ಯಾರು ಬಂದರೆಂಬ ಲೆಕ್ಕ ಎಲ್ಲರ ತಲೆಯಲ್ಲೂ ಇರುತ್ತದೆ. ಕೈಬೀಸುವುದು, ನೋಟು ಅಲ್ಲಾಡಿಸುವುದು ಬೇಡ. ಬಿಯರ್ ಕುಡಿಯುವವರಿಗೆ ಒಂದು ಮಾತು: ಕೈಪಂಪಿನಿಂದ ಎಳೆದುಕೊಡುವ ಏಲ್ ಎಂಬ ಬಗೆಯ ಬಿಯರ್ ನೆಲಮಾಳಿಗೆಯ ತಂಪಿನಲ್ಲಷ್ಟೇ ಇರುತ್ತದೆ, ನಮ್ಮಲ್ಲಿಯ ಹಾಗೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುವುದಿಲ್ಲ, ಹಾಗಿರುವುದೇ ಸರಿ. ಒಂದು ಪೈಂಟ್ ಎಂದರೆ 568 ಮಿಲಿಲೀಟರ್. ಅರ್ಧ ಪೈಂಟ್ ಕೇಳಲು ಯಾವ ಸಂಕೋಚವೂ ಬೇಕಿಲ್ಲ. ಈ ಸೀಮೆಯಲ್ಲಿ ಹಲವು ಕಡೆ ಜೈಪುರ್ ಎಂಬ ಹೆಸರಿನ ಬಿಯರ್ ಕಾಣಿಸುತ್ತದೆ. ಅದು ರಾಜಸ್ಥಾನದಿಂದ ಬಂದದ್ದಲ್ಲ, ಹತ್ತಿರದ ಬೇಕ್‌ವೆಲ್‌ನ ಥಾರ್ನ್‌ಬ್ರಿಡ್ಜ್ ಕಂಪನಿ ತಯಾರಿಸುವ ಇಂಡಿಯಾ ಪೇಲ್ ಏಲ್. ಇಂಡಿಯಾದಲ್ಲಿದ್ದ ಬ್ರಿಟಿಷರಿಗಾಗಿ ಹಡಗಿನಲ್ಲಿ ಕಳಿಸುತ್ತಿದ್ದ ಬಿಯರಿನ ಪಂಗಡವಾದ್ದರಿಂದ ಆ ಹೆಸರು. ಶೇಕಡಾ 5.9ರಷ್ಟು ಆಲ್ಕೋಹಾಲ್ ಇರುವ ಇದನ್ನು ಗುಡ್ಡ ಹತ್ತುವ ಮುನ್ನ ಕುಡಿದ ನನ್ನ ಗಂಡ ಮೊದಲ ಏರಿನಲ್ಲೇ ಪಶ್ಚಾತ್ತಾಪಪಟ್ಟರು.

ಸಸ್ಯಾಹಾರಿಗಳು ಓದಲೇಬೇಕಾದ ಭಾಗ ಇದು. ಊಟದ ಪಟ್ಟಿಯಲ್ಲಿ ವಿ ಎಂಬ ಇಂಗ್ಲಿಷ್ ಅಕ್ಷರದ ಗುರುತಿದ್ದರೆ ಮಾಂಸವಿಲ್ಲ ಎಂದರ್ಥವೇ ಹೊರತು ಮೊಟ್ಟೆಯಿಲ್ಲ ಎಂದಲ್ಲ. ಇಲ್ಲಿಯವರ ಸಸ್ಯಾಹಾರದಲ್ಲಿ ಮೊಟ್ಟೆ ಸೇರಿದೆ. ಮೊಟ್ಟೆ ತಿನ್ನದವರು ವೀಗನ್ ಎಂದು ಗುರುತು ಮಾಡಿದ್ದನ್ನು ಆರಿಸುವುದು ಸುಲಭದ ದಾರಿ. ಹಾಲು ಬೆಣ್ಣೆ ತಪ್ಪಿಹೋಗುತ್ತದೆ ನಿಜ, ಆದರೆ ಅನುಮಾನವಿರುವುದಿಲ್ಲ. ಉತ್ತರ ಇಂಗ್ಲೆಂಡಿನ ಕೆಲವು ಕಡೆ ಬಿಸಿಯಾಗಿ ಕೊಡುವ ಆಲೂಗಡ್ಡೆ ತುಂಡುಗಳ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಆದ್ದರಿಂದ ಕೇವಲ ಚಿಪ್ಸ್ ತಾನೇ ಎಂದು ನಂಬಿ ಕೂರದೆ ಯಾವ ಎಣ್ಣೆಯೆಂದು ಕೇಳಿ. ಭಾನುವಾರದ ರೋಸ್ಟ್ ಊಟದೊಂದಿಗೆ ಬರುವ ಯಾರ್ಕ್‌ಶೈರ್ ಪುಡಿಂಗ್ ಹೆಸರಿಗೆ ಸಿಹಿಯಂತೆ ಕೇಳಿಸಿದರೂ ಮೈದಾ, ಮೊಟ್ಟೆ, ಹಾಲಿನ ಹಿಟ್ಟಿನಿಂದ ಬಿಸಿ ಕೊಬ್ಬಿನಲ್ಲಿ ಉಬ್ಬಿಸಿದ ಪದಾರ್ಥ. ಜೊತೆಯ ಗ್ರೇವಿಯೂ ಸಾಮಾನ್ಯವಾಗಿ ಮಾಂಸದ ರಸದ್ದೇ. ನಮಗೆ ನಿಶ್ಚಿಂತೆಯಿಂದ ಸಿಕ್ಕಿದ್ದೆಂದರೆ ತರಕಾರಿ ಸೂಪು ಮತ್ತು ಬ್ರೆಡ್ಡು, ಬೇಯಿಸಿದ ಹುರುಳಿಯಂಥ ಬೀನ್ಸ್ ಸುರಿದ ಸಿಪ್ಪೆಸಹಿತ ಆಲೂಗಡ್ಡೆ, ತರಕಾರಿ ಕರಿ. ಉಪ್ಪು ಖಾರದ ಕೊರತೆ ಇದ್ದೇ ಇರುತ್ತದೆ. ಅಮ್ಮನ ಕೈಚೀಲದಲ್ಲಿದ್ದ ಚಟ್ನಿಪುಡಿ ಆ ಕೊರತೆಯನ್ನು ತುಂಬಿತು. ಹೊತ್ತು ತಂದ ಪುಳಿಯೋಗರೆಯನ್ನು ಮಾತ್ರ ಪಬ್ಬಿನ ಒಳಗಾಗಲಿ, ಅದರ ಹೊರಗಿನ ಮರದ ಮೇಜುಗಳಲ್ಲಾಗಲಿ ಬಿಚ್ಚಬಾರದು. ಆ ಮೇಜುಗಳೂ ಪಬ್ಬಿನ ಆಸ್ತಿ. ರೈಲು ನಿಲ್ದಾಣದ ಬೆಂಚಿನಲ್ಲೋ ಗುಡ್ಡದ ಮೇಲೋ ತಿನ್ನಬಹುದು.

ಈಡೇಲ್‌ನಿಂದ ಒಂದೇ ನಿಲ್ದಾಣ ಮುಂದಿರುವ ಹೋಪ್‌ನಲ್ಲಿ ಇಳಿದು ಕ್ಯಾಸಲ್‌ಟನ್‌ಗೆ ಬಸ್ಸಿನಲ್ಲಿ ಹೋದೆವು. ಶೆಫೀಲ್ಡ್‌ನಿಂದ ಬರುವ 272ನೇ ಸಂಖ್ಯೆಯ ಬಸ್ಸು ಈ ದಾರಿಯಲ್ಲಿ ಓಡುತ್ತದೆ. ನಡೆಯುವುದಾದರೆ ಮೂರೂವರೆ ಕಿಲೋಮೀಟರಿನ ಆಸುಪಾಸು. ಕಾಲು ಗಟ್ಟಿಯಿದ್ದವರು ಈಡೇಲ್‌ನಿಂದಲೇ ಹಾಲಿನ್ಸ್ ಕ್ರಾಸ್ ಎಂಬ ಕಣಿವೆಬಾಯಿಯನ್ನು ಹತ್ತಿಳಿದು ಕ್ಯಾಸಲ್‌ಟನ್ ಸೇರಬಹುದು. ಈಡೇಲ್‌ಗೆ ಸ್ವಂತ ಚರ್ಚು ಬರುವ ಮೊದಲು ಸತ್ತವರನ್ನು ಹೊತ್ತು ಈ ಏರನ್ನು ದಾಟಿಸುತ್ತಿದ್ದರು ಎಂಬುದನ್ನು ಅಪ್ಪನಿಗೆ ಹೇಳಬಾರದಿತ್ತು. ಅವರು ಬಸ್ಸನ್ನೇ ಆರಿಸಿಕೊಂಡರು. ಮರುದಿನ ನಾವಿಬ್ಬರೇ ಹೋಗಿ 517 ಮೀಟರ್ ಎತ್ತರದ ಮ್ಯಾಮ್ ಟೋರ್ ಹತ್ತಿ ಬಂದೆವು. ಜಾರುತ್ತಲೇ ಇರುವ ಆ ಗುಡ್ಡದ ಬುಡದಲ್ಲಿ, 1979ರಲ್ಲಿ ಶಾಶ್ವತವಾಗಿ ಮುಚ್ಚಿದ ಹೆದ್ದಾರಿಯ ಡಾಂಬರು ಮುರಿದು ಮಡಿಚಿಕೊಂಡಿರುವುದನ್ನು ನೋಡಲೇಬೇಕು.

ಕ್ಯಾಸಲ್‌ಟನ್ ಐದಾರು ನೂರು ಜನರ ಊರು, ಪಬ್ಬುಗಳು ಮಾತ್ರ ಅರ್ಧ ಡಜನ್. ಇಷ್ಟೊಂದು ಆಯ್ಕೆಯಿರುವಾಗ ಊಟಕ್ಕೇನು ಚಿಂತೆ ಎಂದುಕೊಂಡದ್ದೇ ನಮ್ಮ ತಪ್ಪು. ಭಾನುವಾರದ ಊಟಕ್ಕೆ ನನ್ನ ಗಂಡ ಫೋನಿನಲ್ಲಿ ನ್ಯಾಗ್ಸ್ ಹೆಡ್ ಎಂದು ಹುಡುಕಿ ನಾಲ್ವರಿಗೆ ಮೇಜು ಕಾಯ್ದಿರಿಸಿದ್ದರು. ಸಮಯಕ್ಕೆ ಸರಿಯಾಗಿ ಕ್ಯಾಸಲ್‌ಟನ್‌ನ ಯೀ ಓಲ್ಡ್ ನ್ಯಾಗ್ಸ್ ಹೆಡ್‌ಗೆ ಹೋದರೆ ಅಲ್ಲಿನ ಪುಸ್ತಕದಲ್ಲಿ ನಮ್ಮ ಹೆಸರಿಲ್ಲ. ನಮ್ಮ ಮೇಜು ಗುಡ್ಡದ ಆಚೆ, ಈಡೇಲ್‌ನ ಓಲ್ಡ್ ನ್ಯಾಗ್ಸ್ ಹೆಡ್‌ನಲ್ಲಿ ನಮಗಾಗಿ ಕಾಯುತ್ತಿತ್ತು! ಇದೊಂದೇ ಅಲ್ಲ, ಕ್ಯಾಸಲ್‌ಟನ್‌ನಲ್ಲಿ ಚೆಶೈರ್ ಚೀಸ್ ಎಂಬ ಒಂದು ಪಬ್ಬು ಇದ್ದರೆ ಹೋಪ್‌ನಲ್ಲಿ ಇನ್ನೊಂದಿದೆ. ಪಕ್ಕದ ಚೆಶೈರ್ ಸೀಮೆಯ ಉಪ್ಪನ್ನು ಕುದುರೆಗಳ ಮೇಲೆ ಹೇರಿಕೊಂಡು ಈ ಬೆಟ್ಟಗಳನ್ನು ದಾಟುತ್ತಿದ್ದ ಕಾಲದ ನೆನಪು ಇಂಥ ಹೆಸರುಗಳಲ್ಲಿ ಉಳಿದಿದೆ ಎನ್ನುತ್ತಾರೆ. ಸಣ್ಣ ಕುದುರೆಗೆ ನ್ಯಾಗ್ ಎಂಬ ಮಾತೂ ಇದೆ. ಹಾಗಾಗಿ ಪಬ್ಬಿನ ಹೆಸರಿನೊಂದಿಗೆ ಊರಿನ ಹೆಸರನ್ನೂ ಅಂಚೆ ಸಂಕೇತವನ್ನೂ ಹೊಂದಿಸಿ ನೋಡದೆ ಮೇಜು ಕಾಯ್ದಿರಿಸಬೇಡಿ.

ಮುಂದಿನ ಮುಕ್ಕಾಲು ಗಂಟೆ ಅಲೆದಾಟ. ಒಂದು ಕಡೆ ಸಂಜೆಯವರೆಗೂ ಎಲ್ಲ ಮೇಜುಗಳೂ ಭರ್ತಿ. ಹೆಸರು ಹೇಳಬಯಸದ ಇನ್ನೊಂದು ಕಡೆ ಅರ್ಧದಷ್ಟು ಮೇಜುಗಳು ಖಾಲಿಯಿದ್ದರೂ ಅಡುಗೆಮನೆ ಮುಚ್ಚಿ ಐದು ನಿಮಿಷವಾಗಿದೆ, ಆಲೂಗಡ್ಡೆ ಚಿಪ್ಸಿನ ಪೊಟ್ಟಣ ಬೇಕಾದರೆ ಕೊಡುತ್ತೇವೆ ಎಂದರು. ಹಳ್ಳಿಯ ಪಬ್ಬುಗಳ ಬಗ್ಗೆ ತಿಳಿದಿರಬೇಕಾದ ಮುಖ್ಯ ಸಂಗತಿಯೇ ಇದು. ಬಾಗಿಲು ರಾತ್ರಿ ಹನ್ನೊಂದರವರೆಗೆ ತೆರೆದಿದ್ದ ಮಾತ್ರಕ್ಕೆ ಊಟ ಸಿಗುತ್ತದೆಂದಲ್ಲ. ಹಲವು ಕಡೆ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡು ಅಥವಾ ಎರಡೂವರೆವರೆಗೆ, ರಾತ್ರಿಯದು ಆರರಿಂದ ಎಂಟೂವರೆಯ ತನಕ. ನಡುವೆ ಒಲೆ ತಣ್ಣಗಿರುತ್ತದೆ. ಸೋಮವಾರ, ಮಂಗಳವಾರಗಳಲ್ಲಿ ಊಟವೇ ಇಲ್ಲದ ಪಬ್ಬುಗಳೂ ಉಂಟು. ಎಂಟೂವರೆಗೆ ಮೊದಲು ತಟ್ಟೆಯ ಮುಂದೆ ಕೂರದ ನಮ್ಮಂಥ ಮನೆಗಳವರು ಎರಡು ದಿನಗಳ ಮಟ್ಟಿಗೆ ಹಸಿವಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿಕೊಳ್ಳಬೇಕು. ಕೊನೆಗೆ ಅಂದು ನಮ್ಮನ್ನು ಉಳಿಸಿದ್ದು ಒಂದು ಸಣ್ಣ ಕೆಫೆಯ ಚೀಸ್ ಸ್ಯಾಂಡ್‌ವಿಚ್. ಕೆಫೆಗಳು ನಡುಮಧ್ಯಾಹ್ನದ ಈ ಖಾಲಿ ಹೊತ್ತಿನಲ್ಲಿ ತೆರೆದಿರುತ್ತವೆ, ಆದರೆ ನಾಲ್ಕೈದು ಗಂಟೆಗೆ ಕುರ್ಚಿಗಳನ್ನು ಮೇಲೆತ್ತಿಬಿಡುತ್ತವೆ.

ತಂಗುವ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಪಬ್ಬಿನ ಮೇಲಿನ ಕೋಣೆಗಳು ಅಂದವಾಗಿರುತ್ತವೆ, ಕಡಿದಾದ ಮೆಟ್ಟಿಲು ಮತ್ತು ತಲೆಗೆ ತಗಲುವ ತೊಲೆಗಳು ಅವುಗಳ ಜೊತೆಗೇ ಬರುತ್ತವೆ. ಮಂಡಿ ನೋವಿರುವ ಹಿರಿಯರಿಗೆ ನೆಲಮಹಡಿಯ ಕೋಣೆಯನ್ನು, ಬೇಗ ಮಲಗುವವರಿಗೆ ಬಾರಿನ ನೇರ ಮೇಲಲ್ಲದ ಕೋಣೆಯನ್ನು ಮೊದಲೇ ಕೇಳಿ. ಮೇ 29ರ ಸುಮಾರಿಗೆ ಬರುವುದಾದರೆ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕಾದೀತು. ಅಂದು ಕ್ಯಾಸಲ್‌ಟನ್‌ನಲ್ಲಿ ಗಾರ್ಲೆಂಡ್ ಹಬ್ಬ. ಹೂವಿನ ದೊಡ್ಡ ಗಂಟೆಯಾಕಾರದ ಮಾಲೆಯನ್ನು ಹೊತ್ತು ಕುದುರೆಯೇರಿದ ರಾಜವೇಷದವರು ಪಬ್ಬಿನಿಂದ ಪಬ್ಬಿಗೆ ಮೆರವಣಿಗೆ ಹೊರಟು, ಕೊನೆಯಲ್ಲಿ ಮಾಲೆಯನ್ನು ಚರ್ಚಿನ ಗೋಪುರಕ್ಕೆ ಏರಿಸುತ್ತಾರೆ.

ಉಳಿದಂತೆ, ಈಡೇಲ್‌ನಲ್ಲಿ ದೊಡ್ಡ ಅಂಗಡಿಯಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳು, ಹಣ್ಣು, ನೀರಿನ ಬಾಟಲಿ ಎಲ್ಲವನ್ನೂ ಪಿಕಡಿಲಿ ನಿಲ್ದಾಣದಲ್ಲೇ ತುಂಬಿಸಿಕೊಂಡು ಹೊರಡಿ. ಕಾರ್ಡು ಬಹುತೇಕ ಎಲ್ಲ ಕಡೆ ನಡೆಯುತ್ತದೆ, ಆದರೂ ಇಪ್ಪತ್ತು ಪೌಂಡಿನಷ್ಟು ನಗದು ಜೇಬಿನಲ್ಲಿರಲಿ. ಕಣಿವೆಯಲ್ಲಿ ಫೋನಿನ ಸಿಗ್ನಲ್ ಬಂದು ಹೋಗುವುದರಿಂದ ಟಿಕೆಟ್ಟು, ನಕ್ಷೆ, ರೈಲಿನ ಸಮಯಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಬೇಕು. ಪಬ್ಬುಗಳಲ್ಲಿ ಕೇಳಿದರೆ ವೈಫೈ ಗುಪ್ತಪದ ಕೊಡುತ್ತಾರೆ. ಗುಡ್ಡದಲ್ಲಿ ಯಾರಿಗಾದರೂ ಪೆಟ್ಟಾದರೆ 999ಕ್ಕೆ ಕರೆಮಾಡಿ ಮೊದಲು ಪೊಲೀಸರನ್ನು, ಅವರ ಮೂಲಕ ಪರ್ವತ ರಕ್ಷಣಾ ತಂಡವನ್ನು ಕೇಳಬೇಕು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಕ್ರಿಸ್‌ಮಸ್ ದಿನ ರೈಲೇ ಇರುವುದಿಲ್ಲ.

ಸಂಜೆ ಹೋಪ್ ನಿಲ್ದಾಣದಲ್ಲಿ ರೈಲಿಗಾಗಿ ಕಾಯುತ್ತ ಪುಳಿಯೋಗರೆಯ ಡಬ್ಬಿಯನ್ನು ಖಾಲಿ ಮಾಡಿದೆವು. ಮುಂದಿನ ಸಲ ಮೇಜನ್ನು ತಾನೇ ಕಾಯ್ದಿರಿಸುವುದಾಗಿ ಅಮ್ಮ ಅಳಿಯನಿಗೆ ತಿಳಿಸಿದರು, ಅದೂ ಒಲೆಯ ಪಕ್ಕದ್ದು.