ರಿಜಿಸ್ಟರಿನಲ್ಲಿ ಕಳೆದುಹೋದ ಎರಡು

ನಾನು ಸಿ ಭಾಷೆಯಲ್ಲಿ ಬರೆದ, ಸ್ಕ್ರಿಪ್ಟುಗಳನ್ನು ಓದುತ್ತಾ ಓಡಿಸುವ ಪುಟ್ಟ ಇಂಟರ್‌ಪ್ರಿಟರ್‌ಗೆ ಫಿಬೊನಾಚಿ ಸರಣಿಯ (ಹಿಂದಿನ ಎರಡರ ಮೊತ್ತವೇ ಮುಂದಿನ ಸಂಖ್ಯೆ) 35ನೆಯ ಸಂಖ್ಯೆ ಕೇಳಿದರೆ ಉತ್ತರಕ್ಕಾಗಿ ಕಾಯಬೇಕಾಗುತ್ತಿತ್ತು. ತನ್ನನ್ನು ತಾನೇ ಕರೆದುಕೊಳ್ಳುವ ಆ ಫಂಕ್ಷನ್ ಸುಮಾರು 3 ಕೋಟಿ ಬಾರಿ ಓಡಬೇಕು; ಪ್ರತಿ ಸಲವೂ ಆಜ್ಞೆಗಳ ಪಟ್ಟಿಯಾದ ಬೈಟ್‌ಕೋಡ್ ಓದಿ, ಅದು ಯಾವ ಆಜ್ಞೆ ಎಂದು ಗುರುತಿಸಿ ಮುಂದೆ ಹೋಗಬೇಕು. ಈ ನಿಧಾನ ತಪ್ಪಿಸಲು, ಪ್ರೋಗ್ರಾಂ ಓಡುವ ಹೊತ್ತಿನಲ್ಲೇ ಪ್ರೊಸೆಸರ್ ನೇರವಾಗಿ ಓಡಿಸಬಲ್ಲ ಯಂತ್ರಸಂಕೇತ ತಯಾರಿಸುವ ಜೆಐಟಿ ಚೌಕಟ್ಟೊಂದನ್ನು ಆರಿಸಲು ಒಂದು ಶನಿವಾರ ಬೆಳಿಗ್ಗೆಯೇ ಕುಳಿತೆ.

ಮೊದಲು ಎಲ್‌ಎಲ್‌ವಿಎಂ. ಅದು ಕೊಟ್ಟ ಸಂಕೇತ ಅಚ್ಚುಕಟ್ಟಾಗಿತ್ತು. ಆದರೆ ನನ್ನ ಸ್ಕ್ರಿಪ್ಟುಗಳು ಹೆಚ್ಚಿನವು ಇಪ್ಪತ್ತು-ಮೂವತ್ತು ಸಾಲಿನವು. ಓಡುವುದಕ್ಕಿಂತ ಯಂತ್ರಸಂಕೇತವಾಗಿ ಕಂಪೈಲ್ ಆಗುವುದಕ್ಕೇ ಹೆಚ್ಚು ಹೊತ್ತು. ಜೊತೆಗೆ ಹತ್ತಾರು ಮೆಗಾಬೈಟುಗಳ ಹೊರೆ. ಊಟಕ್ಕೆ ಮುಂಚೆಯೇ ಕೈಬಿಟ್ಟೆ.

ಎರಡನೆಯ ಚೌಕಟ್ಟು ಗ್ನೂ ಲೈಟ್ನಿಂಗ್. ಅದು ನಾವು ಹೇಳಿದ್ದನ್ನು ಹೇಳಿದ ಹಾಗೆಯೇ ಯಂತ್ರಸಂಕೇತಕ್ಕೆ ಇಳಿಸುತ್ತದೆ. ಸಂಜೆಗೆ ಫಂಕ್ಷನ್ ಓಡಿತು, ಉತ್ತರ ಮಾತ್ರ ತಪ್ಪು. ಚಿಕ್ಕ ಸಂಖ್ಯೆಗಳಿಂದ ಪರೀಕ್ಷಿಸಿದೆ. 3ಕ್ಕೆ 2 ಬಂತು, ಸರಿ. 4ಕ್ಕೆ 3 ಬರಬೇಕಿತ್ತು, ಮತ್ತೆ 2 ಬಂತು. ಡಿಬಗ್ಗರ್‌ನಲ್ಲಿ ಒಂದೊಂದೇ ಆಜ್ಞೆ ದಾಟುತ್ತಾ ಹೋದೆ. 4ರ ಉತ್ತರ ಎಂದರೆ 3ರ ಉತ್ತರಕ್ಕೆ 2ರ ಉತ್ತರ ಕೂಡಿಸಿದ್ದು. ಎಡಗಡೆಯ (3ರ) ಕರೆಯ ಉತ್ತರವಾದ 2 ಅನ್ನು ಆರ್1 ಎಂಬ ರಿಜಿಸ್ಟರಿನಲ್ಲಿ, ಎಂದರೆ ಪ್ರೊಸೆಸರಿನೊಳಗಿನ ಪುಟ್ಟ ಜಾಗದಲ್ಲಿ, ಇಟ್ಟಿದ್ದೆ. ಬಲಗಡೆಯ (2ರ) ಕರೆ ಒಳಗೆ ಹೋಗಿ ಅದೇ ಆರ್1ರಲ್ಲಿ ತನ್ನ 1 ಅನ್ನು ಬರೆದುಬಿಟ್ಟಿತ್ತು. ಕರೆ ಮುಗಿದ ಮೇಲೂ ಉಳಿಯಬೇಕಾದದ್ದನ್ನು ವಿ ರಿಜಿಸ್ಟರುಗಳಲ್ಲಿ ಇಡಬೇಕು. ವಿ1ಕ್ಕೆ ಬದಲಿಸಿದೊಡನೆ 3 ಬಂತು.

ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ. ಎಲ್ಲ ಪ್ರೊಸೆಸರುಗಳಲ್ಲೂ ಖಾತ್ರಿಯಾಗಿ ಸಿಗುವುದು ಮೂರು ಆರ್, ಮೂರು ವಿ ಮಾತ್ರ. ಆವರಣದೊಳಗೆ ಆವರಣವಿರುವ ಲೆಕ್ಕ ಬಂದರೆ ಯಾವುದನ್ನು ರಿಜಿಸ್ಟರಿನಲ್ಲಿಡಬೇಕು, ಯಾವುದನ್ನು ಮೆಮೊರಿಯಲ್ಲಿನ ಸ್ಟ್ಯಾಕಿಗೆ ಇಳಿಸಬೇಕು ಎಂಬುದನ್ನೆಲ್ಲ ನಾನೇ ತೀರ್ಮಾನಿಸಬೇಕು. ಅದು ಇಂಟರ್‌ಪ್ರಿಟರ್‌ಗಿಂತ ದೊಡ್ಡ ಕೆಲಸ.

ಭಾನುವಾರ ಮೂರನೆಯ ಚೌಕಟ್ಟಾದ ಎಂಐಆರ್ ತೆಗೆದೆ. ಅದನ್ನು ಬರೆದ ವ್ಲಾಡಿಮಿರ್ ಮಕರೊವ್ ಜಿಸಿಸಿ ಕಂಪೈಲರಿನ ರಿಜಿಸ್ಟರ್ ಹಂಚಿಕೆಯ ಮೇಲೆ ವರ್ಷಗಟ್ಟಲೆ ದುಡಿದವರು. ಹಿಂದಿನ ಸಂಜೆ ಅದೇ ಹಂಚಿಕೆಯಲ್ಲಿ ಎಡವಿದ್ದ ನನಗೆ ಇದು ದೊಡ್ಡ ಭರವಸೆಯಾಯಿತು. ಇಲ್ಲಿ ಬೇಕಾದಷ್ಟು ಹೆಸರುಗಳನ್ನು ಕೊಟ್ಟರೆ ಸಾಕು, ಜಾಗ ಹೊಂದಿಸುವುದು ಅದರ ಕೆಲಸ. ಎಲ್‌ಎಲ್‌ವಿಎಂನಷ್ಟು ಚುರುಕಾದ ಸಂಕೇತ ಸಿಗದಿದ್ದರೂ ಚಿಕ್ಕ ಸ್ಕ್ರಿಪ್ಟು ಕಾಯಿಸದೆ ಹೊರಡುತ್ತದೆ. ನನಗೆ ಬೇಕಿದ್ದದ್ದು ಅದೇ.

ರಾತ್ರಿ ಅದೇ ಕೋಡನ್ನು ಮೇಜಿನ ಮೇಲಿದ್ದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈಗೆ ಹಾಕಿದೆ. ಎಆರ್‌ಎಂ ಪ್ರೊಸೆಸರ್, ಬೇರೆಯದೇ ರಿಜಿಸ್ಟರುಗಳು. ಒಂದು ಸಾಲನ್ನೂ ತಿದ್ದಲಿಲ್ಲ. 35 ಕೊಟ್ಟೆ. 92,27,465 ಬಂತು.