ಹತ್ತನೆಯ ಮಾತ್ರೆಯ 'ಓಲೆ'

ಸ್ಪೇನಿನ ಸೆವಿಲ್ ನಗರದ ಒಂದು ರಂಗಮಂದಿರದಲ್ಲಿ ಧ್ವನಿ ನಿರ್ವಹಣೆಗೆ ಸೇರಿದ ಮೊದಲ ವಾರವೇ ಒಬ್ಬ ಗಾಯಕಿಯ ಹಾಡು ಕೆಡಿಸಿದೆ. ಅದೂ ಸರಿಪಡಿಸುತ್ತಿದ್ದೇನೆ ಎಂಬ ಹೆಮ್ಮೆಯಿಂದ.

ಅವರು ಹಾಡುತ್ತಿದ್ದುದು ಸೊಲೆಯಾ, ದಕ್ಷಿಣ ಸ್ಪೇನಿನ ಹಾಡು-ಕುಣಿತದ ಕಲೆ ಫ್ಲಮೆಂಕೊದ ಗಂಭೀರ ಪ್ರಕಾರ. ಅಗಲವಾದ ವೇದಿಕೆಯ ಇನ್ನೊಂದು ತುದಿಯಲ್ಲಿ ಕುಳಿತ ಇಬ್ಬರು ಪಾಲ್ಮೆರೋಗಳು, ಅಂದರೆ ಚಪ್ಪಾಳೆಯ ಕಲಾವಿದರು, ಅಂಗೈ ಬಾಗಿಸಿ ಮೆಲ್ಲಗೆ ತಟ್ಟುತ್ತಾ ನಡುನಡುವೆ ಏನೋ ಗೊಣಗುತ್ತಿದ್ದರು. ಹಾಡಿನ ನಡುವೆ ಇದೆಂಥ ಹರಟೆ ಎಂದು ಅವರ ಮೈಕನ್ನು ಪೂರ್ತಿ ಇಳಿಸಿಬಿಟ್ಟೆ. ಗಾಯಕಿಯ ಮುಂದಿನ ಮಾನಿಟರಿನಲ್ಲೂ, ಅಂದರೆ ಅವರಿಗೇ ಕೇಳಿಸಲೆಂದು ಇಟ್ಟ ಸ್ಪೀಕರಿನಲ್ಲೂ, ಪಾಲ್ಮೆರೋಗಳ ದನಿ ಅಡಗಿತು. ಎರಡನೆಯ ಚರಣಕ್ಕೆ ಹಾಡು ಒಣಗತೊಡಗಿತ್ತು.

"ನನ್ನನ್ನು ಒಂಟಿ ಮಾಡಿಬಿಟ್ಟೆಯಲ್ಲ" ಎಂದರು ಗಾಯಕಿ, ಕಾರ್ಯಕ್ರಮ ಮುಗಿದ ಮೇಲೆ. ಬೈದಿದ್ದರೆ ವಾಸಿಯಿತ್ತು.

ಮರುದಿನ ಹಿರಿಯ ಪಾಲ್ಮೆರೋ ಕಾಫಿ ಮೇಜಿನ ಮೇಲೆ ಗೆಣ್ಣಿನಿಂದ ಬಡಿದು ಲೆಕ್ಕ ತೋರಿಸಿದರು. ಸೊಲೆಯಾದ ಆವರ್ತಕ್ಕೆ 12 ಮಾತ್ರೆ. ಒತ್ತು ಬೀಳುವುದು 3, 6, 8, 10, 12ರ ಮೇಲೆ. ಚಿಕ್ಕಂದಿನಲ್ಲಿ ತೊಡೆ ತಟ್ಟಿ ಆದಿತಾಳ ಕಲಿತ ನಾನು ಎಲ್ಲವೂ ಮೊದಲ ಮಾತ್ರೆಗೆ ಬಂದು ಕೂರಲೆಂದು ಕಾಯುತ್ತಿದ್ದೆ. ಇಲ್ಲಿ ಸಾಲು ಹತ್ತಕ್ಕೇ ಇಳಿದು ನಿಲ್ಲುತ್ತದೆ. ಉಳಿದ ಆ ತುಸು ಜಾಗದಲ್ಲಿ 'ಓಲೆ' ಎಂಬ ಮೆಚ್ಚುಗೆಯ ಕೂಗು ಬರುತ್ತದೆ. ನಾನು ಹರಟೆ ಎಂದುಕೊಂಡದ್ದು 'ಹಲೆಯೋ': ಹಾಡುವವರನ್ನು ಎತ್ತಿಹಿಡಿಯುವ ಕೂಗು. 'ಅಸೀ ಸೆ ಕಾಂತಾ' ಎಂದರೆ 'ಹಾಡುವುದೆಂದರೆ ಹೀಗೆ'. ನಮ್ಮ ಕಚೇರಿಗಳ 'ಭೇಷ್'ಗೆ ಹತ್ತಿರದ ನೆಂಟ. ತಪ್ಪು ಜಾಗದಲ್ಲಿ ಬಿದ್ದರೆ ಮಾತ್ರ ಅದು ಗಲಾಟೆಯೇ.

ಪ್ರೇಕ್ಷಕರು ಉತ್ಸಾಹದಿಂದ ನಾಲ್ಕರ ಲೆಕ್ಕದಲ್ಲಿ ಚಪ್ಪಾಳೆ ಶುರುಮಾಡುವುದುಂಟು. ಟ್ಯಾಂಗೋಸ್ ಎಂಬ ಫ್ಲಮೆಂಕೊ ಪ್ರಕಾರವಾದರೆ ಹೊಂದುತ್ತದೆ, ಸೊಲೆಯಾದಲ್ಲಿ ಎಡವುತ್ತದೆ. ಗ್ರಾನಾಯಿನಾದಂಥ ತಾಳವಿಲ್ಲದ ಹಾಡಿಗಂತೂ ಪಾಲ್ಮೆರೋಗಳೇ ಕೈಕಟ್ಟಿ ಕೂರುತ್ತಾರೆ.

ನನ್ನ ಕೆಲಸಕ್ಕೆ ಹೆಚ್ಚು ಬೇಕಾದದ್ದು ಚಪ್ಪಾಳೆಯ ಬಗೆ. ಹಾಡಿನ ಕೆಳಗೆ 'ಸೋರ್ದಾಸ್', ಬಾಗಿಸಿದ ಅಂಗೈಗಳ ಮಂದ ಸದ್ದು. ನರ್ತಕಿಯ ಕಾಲಿನ ಕೆಲಸಕ್ಕೆ 'ಕ್ಲಾರಾಸ್': ಒಂದು ಕೈಯ ಬೆರಳುಗಳು ಇನ್ನೊಂದರ ಅಂಗೈಗೆ ಛಟೀರೆಂದು ಬೀಳುತ್ತವೆ. ಒಬ್ಬರು ಮಾತ್ರೆಯ ಮೇಲೆ ತಟ್ಟಿದರೆ ಇನ್ನೊಬ್ಬರು ಎರಡು ಮಾತ್ರೆಗಳ ನಡುವೆ. ಸೋರ್ದಾಸ್ ಕೇಳಿಸಲೆಂದು ಏರಿಸಿಟ್ಟ ಮೈಕಿಗೆ ಕ್ಲಾರಾಸ್ ಬಡಿದರೆ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳಬೇಕು. ಅದನ್ನೂ ಒಮ್ಮೆ ಮಾಡಿ ನೋಡಿದ್ದೇನೆ.

ಈಗ ಮಿಕ್ಸರಿನ ಮೀಟರುಗಳಿಗಿಂತ ನರ್ತಕಿಯನ್ನೇ ಹೆಚ್ಚು ನೋಡುತ್ತೇನೆ. ಅವರು ಕಾಲು ಬಡಿದು 'ಯಾಮಾದಾ' ಎಂಬ ಕರೆ ಕೊಡುತ್ತಿದ್ದಂತೆ ಪಾಲ್ಮೆರೋಗಳ ಅಂಗೈ ಬಿಚ್ಚಿಕೊಳ್ಳುತ್ತವೆ. ಅಷ್ಟರೊಳಗೆ ನನ್ನ ಬೆರಳು ಅವರ ಮೈಕಿನ ಫೇಡರನ್ನು, ಅಂದರೆ ಸದ್ದು ಏರಿಸಿ ಇಳಿಸುವ ಗುಂಡಿಯನ್ನು, ಇಳಿಸಿರುತ್ತದೆ, ಅರ್ಧಕ್ಕೆ ಮಾತ್ರ.